ಜೋಕಾಲಿ ಟೊಂಗೆ

ನಮ್ಮ ಹೊಲದ ಮಾವಿನ ಗಿಡಕ್ಕೆ ನಟ್ಟನಡುವೆ ಒಂದು ಬಾಗಿಲಿತ್ತು. ಕದ, ಚಿಲಕ ಇರುವ ಬಾಗಿಲಲ್ಲ. ಮೂಡಣದಿಂದ ಪಡುವಣಕ್ಕೆ ಎಲೆಯಿಲ್ಲದ, ರೆಂಬೆಯಿಲ್ಲದ ಒಂದು ದಾರಿ. ಅದರೊಳಗಿಂದ ಜೋಕಾಲಿ ಹೋಗುತ್ತಿತ್ತು, ಬರುತ್ತಿತ್ತು. ಜೋಕಾಲಿಯ ಮೇಲೆ ನಮ್ಮ ಅಕ್ಕ ಇರುತ್ತಿದ್ದಳು. ಗಿಡ ಅಂದೆನಲ್ಲ, ನಾಲ್ಕು ಆಳು ಕೈ ಕೈ ಹಿಡಿದು ನಿಂತರೆ ತಬ್ಬಿಗೆ ಸಿಗುವ ಬೊಡ್ಡೆ ಅದರದು. ನಮ್ಮ ಕಡೆ ಮಾವು ಎಷ್ಟು ಎತ್ತರ ಬೆಳೆದರೂ ಗಿಡವೇ. ಮರ ಅನ್ನುವುದು ಸಾಲಿ ಪುಸ್ತಕದ ಮಾತು.

ನಮ್ಮ ಊರು ರಾಯಬಾಗ ಕಡೆ, ಕೃಷ್ಣೆಯ ಈ ದಂಡೆಗೆ. ಅಕ್ಕನನ್ನು ಕೊಟ್ಟದ್ದು ಕಾಗವಾಡ ಕಡೆ, ಆ ದಂಡೆಗೆ. ನಮ್ಮ ಕಬ್ಬಿನ ಹೊಲದ ಕೊನೆಯಲ್ಲಿ ನಿಂತು ನೋಡಿದರೆ ಅವಳ ಊರಿನ ನೀರಿನ ಟಾಕಿ ಕಾಣುತ್ತದೆ. ಕೂಗಿದರೆ ಕೇಳಿಸದು, ಕಣ್ಣಿಟ್ಟರೆ ಕಾಣುತ್ತದೆ, ಅಷ್ಟು ದೂರ. ಬೇಸಿಗೆಯಲ್ಲಿ ಪೂಲು, ಅಂದರೆ ಸೇತುವೆ, ದಾಟಿ ಒಂದು ಬಸ್ಸು ಬದಲಿಸಿದರೆ ಅವಳ ಮನೆ. ಶ್ರಾವಣದಲ್ಲಿ ಹೊಳೆ ತುಂಬಿ ಪೂಲಿನ ಮೇಲೆ ನೀರು ಏರಿತೆಂದರೆ ಅದೇ ಮನೆಗೆ ಚಿಕ್ಕೋಡಿ, ಅಂಕಲಿ ಎಂದು ಊರೂರು ಸುತ್ತಬೇಕು; ಬೆಳಿಗ್ಗೆ ಹೊರಟವನು ದೀಪ ಹಚ್ಚುವ ಹೊತ್ತಿಗೆ ಮುಟ್ಟಿದರೆ ಪುಣ್ಯ. ತವರಿಗೆ ಹೆಣ್ಣುಮಕ್ಕಳು ಬರುವ ನಾಗರ ಪಂಚಮಿ ಬರುವುದೂ ಅದೇ ಶ್ರಾವಣದಲ್ಲಿ. ಹಬ್ಬ ಇಟ್ಟವರಿಗೆ ನಮ್ಮ ಹೊಳೆಯ ಸ್ವಭಾವ ಗೊತ್ತಿರಲಿಲ್ಲವೆಂದು ಕಾಣುತ್ತದೆ.

ಆ ಗಿಡಕ್ಕೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಒಂದು ಕಟ್ಟಳೆ ಮಾಡಿಟ್ಟಿದ್ದಳು. ಕೊಡಲಿ ಹಚ್ಚುವುದು ವರ್ಷಕ್ಕೊಂದೇ ಸಲ, ಪಂಚಮಿಯ ಹಿಂದಿನ ದಿನ. ಅದೂ ತವರಿಗೆ ಬಂದ ಮಗಳು ಗಿಡದ ಕೆಳಗೆ ನಿಂತು ಬೊಟ್ಟು ಮಾಡಿ ತೋರಿಸಿದ ಟೊಂಗೆಯನ್ನು ಮಾತ್ರ. ಹಬ್ಬದ ದಿನ ಏನನ್ನೂ ಕೊಯ್ಯಬಾರದು, ಹೆಚ್ಚಬಾರದು ಎಂಬುದು ಊರಿಗೆಲ್ಲ ಇದ್ದ ಮಾತು. ಮಗಳೇ ತೋರಿಸಬೇಕು ಎಂಬುದು ನಮ್ಮ ಮನೆಗಷ್ಟೇ ಇದ್ದ ಮಾತು. ಯಾಕೆ ಎಂದು ಅಪ್ಪ ಒಮ್ಮೆ ಕೇಳಿದ್ದಕ್ಕೆ ಆಯಿ ಬಾಯಿಯ ಎಲೆಯಡಿಕೆ ಆ ಕಡೆಯಿಂದ ಈ ಕಡೆಗೆ ಸರಿಸಿ ಹೇಳಿದ್ದಳು:

"ಜೋಕಾಲಿ ಆಡಾಕಿ ಆಕಿ. ಯಾವ ಟೊಂಗಿ ಮಾರಿಗೆ ಬಡೀತೈತಿ ಅನ್ನೂದು ಆಕಿಗೆ ಗೊತ್ತ. ನೀವು ಕೆಳಗ ನಿಂತ ಬಾಯಿ ತಕ್ಕೊಂಡ ನೋಡಾವ್ರು, ನಿಮಗೇನ ಗೊತ್ತ?"

ಹೀಗೆ ಮೊದಲು ನಮ್ಮ ಅತ್ತೆಯರು ತೋರಿಸಿದರು, ಆಮೇಲೆ ಅಕ್ಕ. ಗಿಡ ಹತ್ತುತ್ತಿದ್ದವನು ಆಡು ಸಾಕಿಕೊಂಡಿದ್ದ ನಮ್ಮ ದೂರದ ಕಾಕಾ. ಕಡಿದ ಎಲೆ ತಪ್ಪಲೆಲ್ಲ ಅವನ ಆಡುಗಳಿಗೆ. ಮಳೆಗಾಲದ ಕೆಸರಿನಲ್ಲಿ ಅವುಗಳಿಗೂ ಅದು ಹಬ್ಬವೇ. ಅಕ್ಕ ಮದುವೆಯಾಗಿ ಮೊದಲ ಸಲ ಪಂಚಮಿಗೆ ಬಂದಾಗ ಹಸಿರು ಬಳೆಯ ಕೈ ಎತ್ತಿ ಒಂದೊಂದೇ ಟೊಂಗೆ ತೋರಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

"ಏನವಾ, ಈ ಟೊಂಗಿ ಏನ ತಪ್ಪ ಮಾಡೇತಿ?" ಎಂದು ಕಾಕಾ ಮೇಲಿನಿಂದ ಕೇಳಿದ.

"ಹ್ವಾದ ವರ್ಷ ನನ್ನ ಕುಬಸಾ ಹರದೈತಿ ಕಾಕಾ. ತೆಗಿ ಅದನ್ನ."

"ಗಂಡನ ಮನ್ಯಾಗೂ ಹಿಂಗ ಬೊಟ್ಟ ಮಾಡಿ ಕೆಲಸಾ ಹೇಳತಿಯೇನ?"

"ಅಲ್ಲಿ ಎಲ್ಲೈತಿ ಗಿಡಾ? ಬರೇ ದ್ರಾಕ್ಷಿ ಬಳ್ಳಿ. ಅದಕ್ಕ ಜೋಕಾಲಿ ಕಟ್ಟಿದ್ರ ನಮ್ಮ ಮಾವನ ಚಪ್ಪರನ ಕೆಳಗ ಬರತೈತಿ."

ಕಾಕಾ ನಕ್ಕ ನಗೆಗೆ ಗಿಡವೇ ಅಲುಗಾಡಿತು. ಕಡಿದ ಗಾಯಗಳಿಗೆ ಆಯಿ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿಸುತ್ತಿದ್ದಳು. ಸಂಜೆಯ ಮಳೆಗೆ ಅದು ಇಳಿದು ಹೋಗುತ್ತಿತ್ತು. ಆಗ ಅದನ್ನು ಯಾರೂ ಗಮನಿಸಲಿಲ್ಲ. ಮರುದಿನ ಹುತ್ತಕ್ಕೆ ಹಾಲೆರೆದು, ಶೇಂಗಾ ಉಂಡಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಬರುತ್ತಿದ್ದರು. ಪುಂಡಿನಾರಿನ ದಪ್ಪ ಹಗ್ಗ, ಪ್ರತಿ ವರ್ಷವೂ ಅದೇ ಟೊಂಗೆ, ಟೊಂಗೆಯ ಮೇಲೆ ಅದೇ ಜಾಗ. ಅಕ್ಕ ನಿಂತು ಜೀಕಿದಳೆಂದರೆ ಗಿಡದ ಬಾಗಿಲಿನಿಂದ ಆಚೆ ಹೋಗಿ ಆಕಾಶಕ್ಕೆ ಕಾಲು ತಾಗಿಸಿ ಬರುತ್ತಿದ್ದಳು. "ಅಲ್ಲಿಂದ ನಮ್ಮೂರ ಟಾಕಿ ಕಾಣತೈತಿ" ಅನ್ನುತ್ತಿದ್ದಳು. ಮದುವೆಯಾಗಿ ವರ್ಷವಾಗಿರಲಿಲ್ಲ, ಆಗಲೇ ಅದು "ನಮ್ಮೂರು" ಆಗಿತ್ತು. ನನಗೆ ಅವತ್ತು ಉಂಡಿ ರುಚಿಸಲಿಲ್ಲ.

ಆಮೇಲೆ ಅವಳು ಬರುವುದು ನಿಂತಿತು. ಜಗಳವಲ್ಲ, ಮುನಿಸಲ್ಲ. ಅವಳ ಅತ್ತೆಗೆ ಒಂದು ಮಗ್ಗಲು ಬಿದ್ದುಹೋಗಿ ಹಾಸಿಗೆ ಹಿಡಿದರು. ಬಾಯಿಗೆ ತುತ್ತು ಇಡುವುದರಿಂದ ಹಿಡಿದು ಎಲ್ಲ ಅಕ್ಕನ ಕೈಯಿಂದಲೇ ಆಗಬೇಕು. ಅದರ ಮೇಲೆ ಹೊಳೆ. ಹೊಳೆ ಇಳಿದ ವರ್ಷ ಅತ್ತೆಗೆ ಹೆಚ್ಚು, ಅತ್ತೆ ಗೆಲುವಾದ ವರ್ಷ ಹೊಳೆಗೆ ಹೆಚ್ಚು. ಮದುವೆಗೆ, ಮಣ್ಣಿಗೆ ಎಂದು ಅರ್ಧ ದಿನಕ್ಕೆ ಬಂದು ಹೋದದ್ದುಂಟು. ಅದು ಬಂದ ಲೆಕ್ಕವಲ್ಲ. ಚಪ್ಪಲಿ ಬಿಡುವ ಮೊದಲೇ ತಿರುಗಿ ಹೋಗುವ ಬಸ್ಸಿನ ಹೊತ್ತು ಕೇಳುವವಳನ್ನು ತವರಿಗೆ ಬಂದಳು ಎಂದು ಹೇಗೆ ಅನ್ನುವುದು?

ಆದರೂ ನಾನು ಪ್ರತಿ ಶ್ರಾವಣಕ್ಕೆ ಕರೆಯಲು ಹೊರಡುತ್ತಿದ್ದೆ. ಪೂಲಿನ ತನಕ ಹೋಗಿ, ಅಡ್ಡ ಹಾಕಿದ ಬಿದಿರುಗಳ ಹತ್ತಿರ ನಿಂತು, ಕೆಂಪು ನೀರು ನೋಡಿ ಫೋನ್ ಮಾಡುವುದು. ಒಂದು ವರ್ಷ ಅವಳೂ ಆ ಕಡೆಯ ದಂಡೆಗೆ ಬರುತ್ತೇನೆ ಎಂದಿದ್ದಳು. ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಆಚೆ ಒಂದು ಕೊಡೆ ಮೇಲೆ ಕೆಳಗೆ ಆಡಿತು. ಟವೆಲ್ ಬಿಚ್ಚಿ ಗಾಳಿಯಲ್ಲಿ ಬೀಸಿದೆ. ಅಷ್ಟರಲ್ಲಿ ಫೋನ್ ಬಂತು.

"ಕಾಣಸ್ತ ಅಕ್ಕಾ, ಕಾಣಸ್ತ, ನಿನ್ನ ಕೊಡಿ ಕಾಣಸ್ತ!"

"ಸುಳ್ಳ ಯಾಕ ಹೇಳತಿಲೇ? ನಾ ಇನ್ನೂ ಮನಿ ಬಿಟ್ಟಿಲ್ಲ. ಅತ್ತಿಗೆ ಗಂಜಿ ಕುಡಸಾಕತ್ತೀನಿ."

ಆ ಕೊಡೆ ಯಾರದೋ, ಟವೆಲ್ ನೋಡಿ ಅವರು ಏನೆಂದುಕೊಂಡರೋ. ಅವತ್ತು ಅಕ್ಕನಿಗೆ ದಂಡೆಗೆ ಬರಲಾಗಲಿಲ್ಲ. ನಾನು ಕತ್ತಲಾಗುವವರೆಗೆ ಅಲ್ಲಿಯೇ ಇದ್ದು ತಿರುಗಿ ಬಂದೆ.

ಅಕ್ಕ ಬರಲಿಲ್ಲ, ಬೊಟ್ಟು ಮಾಡಿ ತೋರಿಸುವವರಿಲ್ಲ, ಹೀಗಾಗಿ ಗಿಡಕ್ಕೆ ಯಾರೂ ಕೊಡಲಿ ಹಚ್ಚಲಿಲ್ಲ. ಆಯಿ ತೀರಿಕೊಂಡಿದ್ದರೂ ಆಯಿಯ ಮಾತು ಇತ್ತು. ವರ್ಷ ವರ್ಷಕ್ಕೆ ನಡುವಿನ ಬಾಗಿಲು ಮುಚ್ಚುತ್ತ ಬಂತು. ಬೊಡ್ಡೆಯಿಂದ ನೆಟ್ಟಗೆ ಎದ್ದ ಚಿಗುರುಗಳು ಬಾರುಕೋಲಿನ ಹಾಗೆ ಉದ್ದವಾದವು. ಒಂದು ಟೊಂಗೆ ಇನ್ನೊಂದರ ಮೈಮೇಲೆ ಬಿದ್ದು ತಿಕ್ಕಿ ತಿಕ್ಕಿ ತೊಗಟೆ ಸುಲಿದುಕೊಂಡವು. ಒಣಗಿದ ರೆಂಬೆಗಳು ಒಣಗಿದಲ್ಲೇ ಉಳಿದವು. ಉರಿಬಿಸಿಲಿನ ಮಧ್ಯಾಹ್ನವೂ ಕೆಳಗೆ ಕತ್ತಲು. ಮೊದಲು ಆ ನೆರಳಿನಲ್ಲಿ ಉಂಡು ಮಲಗುತ್ತಿದ್ದ ಆಳುಗಳು ಈಗ ಬೇವಿನ ಕೆಳಗೆ ಹೋಗುತ್ತಿದ್ದರು. "ಇದರ ಕೆಳಗ ಕುಂತ್ರ ಉಸರ ಕಟ್ಟತೈತ್ರಿ" ಅನ್ನುತ್ತಿದ್ದರು.

ಹೂ ಬಿಡುವ ತಿಂಗಳಲ್ಲಿ ಅದರ ಕೆಳಗೆ ಕಾಲಿಟ್ಟರೆ ತುಂತುರು ಮಳೆ ಬಿದ್ದ ಸದ್ದು. ಮಳೆಯಲ್ಲ, ಜಿಗಿಹುಳ. ಎಲೆಯಿಂದ ಎಲೆಗೆ ಸಾವಿರಾರು ಹಾರುತ್ತಿದ್ದವು. ಹೂಗೊಂಚಲಿನ ರಸ ಹೀರಿ ಅವು ಬಿಟ್ಟ ಅಂಟು ಎಲೆಯ ಮೇಲೆ ಬಿದ್ದು, ಅಂಟಿನ ಮೇಲೆ ಕಪ್ಪು ಮಸಿ ಬೆಳೆದು, ಗಿಡ ಒಲೆಯ ಮೇಲೆ ಕೂತೆದ್ದ ಹಾಗೆ ಕಾಣುತ್ತಿತ್ತು. ಉಳಿದ ಹೂವಿಗೆ ಬೂದಿರೋಗ. ಔಷಧ ಹೊಡೆಸಿದೆ. ಹೊರಗಿನ ಎಲೆಗಳು ತೊಯ್ದು ತೊಪ್ಪೆಯಾದವು, ಒಳಗಿನವಕ್ಕೆ ಹನಿ ಮುಟ್ಟಲಿಲ್ಲ. ಹುಳಗಳು ತಗಡಿನ ಮನೆಯೊಳಗೆ ಕೂತು ಮಳೆ ನೋಡುವವರ ಹಾಗೆ ಆರಾಮಾಗಿದ್ದವು.

ಕಾರ ಹುಣ್ಣಿಮೆಯ ಹೊತ್ತಿಗೆ ಅಕ್ಕನ ಮನೆಗೆ ಆ ಗಿಡದ ಹಣ್ಣು ಹೋಗಬೇಕು, ಅದು ನಮ್ಮಲ್ಲಿ ರೂಢಿ. ಮೊದಲು ದೊಡ್ಡ ಬುಟ್ಟಿ ಹೋಗುತ್ತಿತ್ತು. ಬುಟ್ಟಿ ಸಣ್ಣದಾಯಿತು. ಆಮೇಲೆ ಕೈಚೀಲ.

"ಬುಟ್ಟಿ ಇರಿವಿ ತಿಂದ್ವೇನೋ ತಮ್ಮಾ?" ಎಂದು ಅಕ್ಕ ಫೋನಿನಲ್ಲಿ ನಕ್ಕಳು. ನಾನು ಈ ವರ್ಷ ಗಾಳಿ ಜೋರಿತ್ತು, ಹೂ ಉದುರಿತು ಅಂದೆ. ಅವಳು ಮಾತು ಬದಲಿಸಿದಳು. ದ್ರಾಕ್ಷಿ ತೋಟದಲ್ಲಿ ಇಷ್ಟು ವರ್ಷ ಕತ್ತರಿ ಹಿಡಿದವಳಿಗೆ ಗಾಳಿ ಯಾವುದು, ರೋಗ ಯಾವುದು ಎಂದು ತಿಳಿಯುವುದಿಲ್ಲವೇ?

ಅದೇ ಬೇಸಿಗೆಯಲ್ಲಿ ಜೋಕಾಲಿ ಟೊಂಗೆಯ ಕೆಳಗೆ ನೆಲದ ಮೇಲೆ ಒಂದು ಮುಟಿಗೆಯಷ್ಟು ರವೆ ಬಿದ್ದಿತ್ತು. ಹಬ್ಬದ ಅಡಿಗೆಯ ರವೆಯಲ್ಲ, ಕಟ್ಟಿಗೆಯ ರವೆ. ತಲೆ ಎತ್ತಿ ನೋಡಿದರೆ ಹಗ್ಗ ಕಟ್ಟುವ ಜಾಗದಲ್ಲಿ ಕಪ್ಪು ಅಂಟು ಸೋರಿ ಒಣಗಿತ್ತು. ಕಾಕಾ ಬಂದು ಟೊಂಗೆಗೆ ಕಿವಿ ಹಚ್ಚಿದ. ಈಗ ಅವನಿಗೆ ಗಿಡ ಹತ್ತಲು ಆಗುತ್ತಿರಲಿಲ್ಲ, ಏಣಿ ಹತ್ತುತ್ತಿದ್ದ.

"ಒಳಗ ಬಡಿಗ್ಯಾ ಕುಂತಾನೋ," ಅಂದ. "ಕೆಲಸಾ ಜೋರ ನಡದೈತಿ. ಟೊಂಗಿ ತಗದ ಬಿಡು."

"ಪಂಚಮಿ ಆಗ್ಲಿ ಕಾಕಾ. ಅಕ್ಕ ಬಂದ ತೋರಿಸ್ಲಿ."

"ಬೊಟ್ಟ ಮಾಡಾಕ ಆಕಿ ಬರಬೇಕ ಖರೇ. ತಿನ್ನಾಕ ಅವಗ ಯಾರ ಅಪ್ಪಣಿನೂ ಬೇಕಾಗಿಲ್ಲ ನೋಡು."

ನಾನು ಕೇಳಲಿಲ್ಲ. ತಂತಿ ತಂದು ತೂತಿನೊಳಗೆ ಆಡಿಸಿ ಕಿರುಬೆರಳಿನಷ್ಟು ದಪ್ಪದ ಬಿಳಿ ಹುಳವನ್ನು ಎಳೆದು ತೆಗೆದೆ. ಅರಳೆಗೆ ಸೀಮೆಎಣ್ಣೆ ಹಚ್ಚಿ ತೂತಿಗೆ ತುರುಕಿ ಮಣ್ಣು ಮೆತ್ತಿದೆ. ಟೊಂಗೆ ಬಾಗದಿರಲಿ ಎಂದು ಕವಲಿರುವ ಜಾಲಿ ಕಂಬ ತಂದು ಕೆಳಗೆ ಆನಿಸಿದೆ. ಊರುಗೋಲು ಹಿಡಿದ ಮುದುಕನ ಹಾಗೆ ಟೊಂಗೆ ನಿಂತಿತು. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ, ಶಾಭಾಶ್ ಅನ್ನುತ್ತಾಳೆಂದು. ಅವಳ ದನಿ ಬಂತು:

"ತಮ್ಮಾ, ಆ ಟೊಂಗಿ ತೆಗಿ. ಒಂದ ಹುಳಾ ಹೊರಗ ಬಂದ್ರ ಒಂದ ಇತ್ತು ಅಂತ ತಿಳೀಬ್ಯಾಡ. ಬೊಡ್ಡಿಗೆ ಇಳದ್ರ ಇಡೀ ಗಿಡಾ ಹೋಗತೈತಿ."

"ನೀ ಪಂಚಮಿಗೆ ಬಾ. ಬಂದ ಬೊಟ್ಟ ಮಾಡು, ಆವಾಗ ತೆಗಿತೀನಿ."

"ನಾ ಬರೂಮಟಾ ಹುಳಾ ಉಪಾಸ ಕುಂದರತೈತೇನ?"

ಈ ಮಾತಿಗೆ ನನ್ನ ಹೆಂಡತಿ ಒಳಗಿನಿಂದ ಜೋರಾಗಿ ನಕ್ಕಳು. "ಸರಿಯಾಗಿ ಕೇಳಿದ್ರು ನೋಡ್ರಿ ಅಕ್ಕಾರು. ಜೋಕಾಲಿ ಆಡಾವ್ರು ಆ ದಂಡಿಗೆ, ನೀವು ಇಲ್ಲಿ ಟೊಂಗಿಗೆ ಕೋಲ ಹಚ್ಚಿ ಕಾವಲಾ ಕುಂತೀರಿ."

ಅವರಿಬ್ಬರಿಗೂ ನನ್ನ ಕಾರಣ ಹೇಳಲಿಲ್ಲ, ಹೇಳಲು ಬರಲೂ ಇಲ್ಲ. ನಾನು ಅಕ್ಕನನ್ನು ಕರೆಯುವುದು ಒಂದೇ ಮಾತಿನಿಂದ: "ಜೋಕಾಲಿ ಕಟ್ಟೀವಿ, ಬಾ." ಅಪ್ಪ ತನ್ನ ತಂಗಿಯರನ್ನು ಕರೆದದ್ದು ಅದೇ ಮಾತಿನಿಂದ. ಹಬ್ಬ ಐತಿ ಬಾ, ಉಂಡಿ ಮಾಡೀವಿ ಬಾ ಎಂದರೆ ಹಬ್ಬ ಅವಳ ಮನೆಯಲ್ಲೂ ಇದೆ, ಉಂಡಿ ಅವಳೂ ಮಾಡುತ್ತಾಳೆ. ಅಲ್ಲಿ ಇಲ್ಲದ್ದು ಆ ಟೊಂಗೆ ಒಂದೇ. ಅದನ್ನು ಕಡಿದ ಮೇಲೆ ಏನು ಹೇಳಿ ಕರೆಯಲಿ? ಗಿಡ ಉಳಿಯಬೇಕು ಎಂದರೆ ಟೊಂಗೆ ಹೋಗಬೇಕು. ಟೊಂಗೆ ಹೋದರೆ ಅಕ್ಕ ಬರುವ ದಾರಿಯೇ ಹೋದಂತೆ. ಹೊಳೆ ಒಂದು ಕಡೆಯಿಂದ ಮುಚ್ಚಿದ್ದನ್ನು ನಾನೇ ಇನ್ನೊಂದು ಕಡೆಯಿಂದ ಮುಚ್ಚಿದ ಹಾಗಾಗುತ್ತದೆ ಅನಿಸುತ್ತಿತ್ತು.

ಆ ಪಂಚಮಿಗೂ ಅವಳು ಬರಲಿಲ್ಲ. ಮಳೆಗಾಲ ಹೋಯಿತು, ಚಳಿ ಹೋಯಿತು. ಮರು ಬೇಸಿಗೆಯಲ್ಲಿ ಟೊಂಗೆಯ ತುದಿಯ ಎಲೆಗಳು ಹಳದಿಗೆ ತಿರುಗಿದವು. ರವೆ ಮತ್ತೆ ಬಿದ್ದಿತ್ತು. ಈ ಸಲ ಮೊದಲಿನ ಜಾಗದಲ್ಲಲ್ಲ, ಬೊಡ್ಡೆಗೆ ಹತ್ತಿರ. ನಾನು ಅದನ್ನು ಕಾಲಿನಿಂದ ಮಣ್ಣಲ್ಲಿ ಕೂಡಿಸಿ ಮನೆಗೆ ಬಂದೆ. ಹೆಂಡತಿ ನನ್ನ ಮುಖ ನೋಡಿದಳು. ಮರುದಿನ ತಾನೇ ಹೋಗಿ ನೋಡಿಕೊಂಡು ಬಂದು ಅಕ್ಕನಿಗೆ ಫೋನ್ ಹಚ್ಚಿದ್ದಳು. ಅದು ನನಗೆ ಆಮೇಲೆ ತಿಳಿಯಿತು.

ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಬಿಸಿಲು ನೆತ್ತಿಗೆ ಏರುತ್ತಿದ್ದ ಒಂದು ಸಾದಾ ದಿನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ನಾನು ಉಣ್ಣುತ್ತಿದ್ದವನು ಎಂಜಲು ಕೈಯಲ್ಲೇ ಎದ್ದುಬಿಟ್ಟೆ.

"ಕುಂದ್ರೋ, ಉಣ್ಣು. ನಾ ಏನ ಓಡಿ ಹೋಗಂಗಿಲ್ಲ, ಸಂಜಿ ಬಸ್ಸಿಗೆ ಹೋಗತೀನಿ."

"ಅತ್ತಿ?"

"ಅವರ ಮಗಳ ಬಂದಾಳ. ಸಂಜಿಮಟಾ ನೋಡಕೋತಾಳ." ಹೆಂಡತಿ ಕೊಟ್ಟ ನೀರು ಕುಡಿದು, ಚೀಲ ಬಿಚ್ಚಿದಳು. ಹಳೆ ಸೀರೆಯ ತುಂಡು ಸುತ್ತಿದ ದ್ರಾಕ್ಷಿ ಕತ್ತರಿ, ಮಡಚುವ ಗರಗಸ, ಪುಡಿಯ ಎರಡು ಪೊಟ್ಟಣ. ತವರಿಗೆ ಬರುವವಳ ಚೀಲದಲ್ಲಿ ಉಂಡಿಯಿಲ್ಲ, ಕೊಬ್ಬರಿಯಿಲ್ಲ. ಕೂಲಿಗೆ ಹೊರಟವಳ ಸಾಮಾನು. "ನಡಿ ಹೊಲಕ್ಕ," ಅಂದಳು.

ಗಿಡದ ಕೆಳಗೆ ನಿಂತು ತುಂಬ ಹೊತ್ತು ಮೇಲೆ ನೋಡಿದಳು. ಕೂದಲು ಬೆಳ್ಳಗಾಗಿದ್ದವು. ಮೊಣಕೈ ಹತ್ತಿರ ಕತ್ತರಿ ಹಿಡಿದು ಹಿಡಿದು ನರಗಳು ಎದ್ದಿದ್ದವು. ಫೋನಿನಲ್ಲಿ ದನಿ ಕೇಳುತ್ತ ಕೇಳುತ್ತ ನಾನು ಅವಳನ್ನು ಹಸಿರು ಬಳೆಯ ವಯಸ್ಸಿನಲ್ಲೇ ಇಟ್ಟುಕೊಂಡಿದ್ದೆ.

"ಗಿಡಾ ಹೋಗಿ ಗುಡಸಲ ಆಗೇತಲ್ಲೋ," ಅಂದಳು. ಆಮೇಲೆ ಕೈ ಎತ್ತಿದಳು. ಅದೇ ಬೊಟ್ಟು. "ಅದ, ಆ ಒಣಗಿದ್ದು. ಅದರ ಬಾಜೂಕ ನೆಟ್ಟಗ ಎದ್ದದ್ದು. ಅಲ್ಲಿ ಎರಡ ಜಗಳಾಡಾಕತ್ತಾವ ನೋಡು, ಅದರಾಗ ಸಣ್ಣದ ತೆಗಿ."

ನಾನು ಗಿಡದ ಮೇಲೆ, ಅವಳು ಕೆಳಗೆ. ಏಣಿ ಹಿಡಿಯಲು ಬಂದ ಕಾಕಾನಿಗೆ ಬೈಯಲು ಕೆಲಸ ಸಿಕ್ಕಿತು: "ಲೇ, ಮ್ಯಾಲಿಂದ ಕೊಯ್ಯಬ್ಯಾಡ, ತೊಗಟಿ ಸುಲೀತೈತಿ! ಮೊದಲ ಕೆಳಗಿಂದ ಒಂದ ಗೀರ ಹಾಕು!" ಟೊಂಗೆ ಹುಟ್ಟುವಲ್ಲಿ ಒಂದು ಉಬ್ಬು ಇರುತ್ತದಲ್ಲ, ಅದನ್ನು ಉಳಿಸಿ ಕೊಯ್ಯಬೇಕು ಎಂದು ಅಕ್ಕ ಹೇಳಿದಳು. ಗಾಯ ಮುಚ್ಚುವ ಶಕ್ತಿ ಆ ಉಬ್ಬಿನಲ್ಲೇ ಇರುವುದಂತೆ. ರೋಗದ ರೆಂಬೆ ಕೊಯ್ದ ಮೇಲೆ ಗರಗಸವನ್ನು ಔಷಧದ ನೀರಿನಲ್ಲಿ ಅದ್ದಿ ಒರೆಸಿ ಕೊಡುತ್ತಿದ್ದಳು. ಒಂದರ ರೋಗ ಗರಗಸ ಹತ್ತಿ ಇನ್ನೊಂದಕ್ಕೆ ಹೋಗಬಾರದು.

"ಇನ್ನ ಸ್ವಲ್ಪ ತೆಗಿಲೇನ?" ನನಗೆ ಕೈ ಓಡತೊಡಗಿತ್ತು.

"ಸಾಕು. ಒಮ್ಮಿಗೇ ಬೋಳ ಮಾಡಿದ್ರ ಬೊಡ್ಡಿ ಬಿಸಲಿಗೆ ಸುಡತೈತಿ. ಸಿಟ್ಟಿಗೆದ್ದ ಮೈತುಂಬ ಚಿಗರ ಒಡೀತೈತಿ. ಎಳಿ ಚಿಗರ ಅಂದ್ರ ಹುಳಕ್ಕ ಬೀಗರೂಟ. ಗಾಳಿ ಆಡೂವಷ್ಟ, ಬಿಸಲ ಇಣಕೂವಷ್ಟ ತೆಗಿಬೇಕು. ನೆಳ್ಳಾಗ ಮುದ್ದಿ ಆಗಿ ಕುಂತ ಎಲಿಗೇ ನಮ್ಮ ತ್ವಾಟದಾಗೂ ಭುರಿ ಬರೂದು."

ಭುರಿ ಅಂದರೆ ಬೂದಿರೋಗ. ಅವಳ ಊರಲ್ಲಿ ಹಾಗೆ ಅನ್ನುತ್ತಾರೆ. ಮಾತಾಡುತ್ತಿರುವಾಗಲೇ ಗಿಡದ ನಡುವೆ ಒಂದು ಬೆಳಕಿನ ಕೋಲು ಇಳಿಯಿತು. ಮೂಡಣದಿಂದ ಪಡುವಣಕ್ಕೆ ಹಳೆಯ ಬಾಗಿಲು ತೆರೆದುಕೊಂಡಿತ್ತು. ಆಗ ನನಗೆ ಹೊಳೆಯಿತು: ಆಯಿಯ ಕಾಲದಲ್ಲಿ ಈ ಗಿಡಕ್ಕೆ ಜಿಗಿಹುಳ ಯಾಕೆ ಇರಲಿಲ್ಲ? ಜೋಕಾಲಿ ಹೋಗಿ ಬರಲಿ ಎಂದು ಹೆಣ್ಣುಮಕ್ಕಳು ವರ್ಷ ವರ್ಷ ನಡುವನ್ನು ತೆರೆಸುತ್ತಿದ್ದರು. ಆ ದಾರಿಯಲ್ಲೇ ಗಾಳಿ, ಬಿಸಿಲು ಬರುತ್ತಿದ್ದವು. ಮಗಳ ಮುಖಕ್ಕೆ ರೆಂಬೆ ಬಡಿಯಬಾರದೆಂದು ಆಯಿ ಮಾಡಿದ ಕಟ್ಟಳೆ ಗಿಡವನ್ನೂ ಕಾಯುತ್ತಿತ್ತು. ಅಕ್ಕ ಬರುವುದು ನಿಂತದ್ದು ನಮಗೆ ಮಾತ್ರವಲ್ಲ, ಗಿಡಕ್ಕೂ ತಿಳಿದಿತ್ತು.

ಇದನ್ನು ಮೇಲಿನಿಂದ ಕೂಗಿ ಹೇಳಿದೆ. ಅಕ್ಕ ಅಂದಳು: "ಖರೆ. ಆದ್ರ ಮಳಿಯಾಗ ಕಡಿಸಿದ್ದು ತಪ್ಪ. ಹಸಿ ಗಾಯಾ, ಹಸಿ ಗಾಳಿ. ಹುಳಾನೂ ಅದ ಹೊತ್ತಿಗೆ ತತ್ತಿ ಇಡಾಕ ಗಾಯಾ ಹುಡಕತಾವ. ಕಾಯಿ ಇಳಿಸಿ, ಮಳಿ ಹಿಡಿಯೂದರಾಗ ಕಡೀಬೇಕಿತ್ತು."

"ಆಯಿದು ತಪ್ಪ ಅಂತಿಯೇನ?"

"ಆಯಿ ನನ್ನ ಸಲುವಾಗಿ ತಪ್ಪ ಮಾಡ್ಯಾಳ. ಹುಳಕ್ಕ ಅದೆಲ್ಲಾ ಎಲ್ಲಿ ತಿಳೀತೈತಿ?"

ಕೊನೆಗೆ ಕೊಯ್ಯಲು ಜೋಕಾಲಿ ಟೊಂಗೆಯೊಂದೇ ಉಳಿಯಿತು. ಅಕ್ಕ ಏಣಿ ಹತ್ತಿ ಬಂದು ಹಗ್ಗದ ಜಾಗಕ್ಕೆ ಕೈ ಇಟ್ಟಳು. ವರ್ಷಗಟ್ಟಲೆ ಹಗ್ಗ ಉಜ್ಜಿ ಅಲ್ಲಿ ಬಳೆ ಕೂರುವಷ್ಟು ಆಳದ ಗೀರು ಬಿದ್ದಿತ್ತು, ನುಣ್ಣಗೆ. ಪ್ರತಿ ಸಲ ತೊಗಟೆ ಕೂಡುವ ಮೊದಲೇ ಮತ್ತೊಂದು ಪಂಚಮಿ ಬರುತ್ತಿತ್ತು. ಹುಳ ಒಳಗೆ ಹೋದ ತೂತು ಆ ಗೀರಿನಲ್ಲೇ ಇತ್ತು. ಅಕ್ಕ ಅಲ್ಲಿ ಬೆರಳಿಟ್ಟಳು. ನಾನು ಗರಗಸ ಹಿಡಿದು ಪಕ್ಕದಲ್ಲಿ ಕೂತಿದ್ದೆ.

"ಈ ಪಂಚಮಿಮಟಾ ಬಿಡೂಣೇನ ಅಕ್ಕಾ? ಈ ವರ್ಷ ಪೂಲ ಮುಳಗಾಕಿಲ್ಲ ಅನಸ್ತೈತಿ."

"ಯಾಕ, ಹೊಳಿಗೆ ಫೋನ ಹಚ್ಚಿದ್ದಿಯೇನ?"

ನಗಿಸಬೇಕೆಂದೇ ಹೇಳಿದ್ದಳು, ಅವಳಿಗೇ ನಗು ಬರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಹಗ್ಗಾ ಎಲ್ಲೈತಿ?" ಎಂದು ಕೇಳಿದಳು.

ಹಗ್ಗ ದನದ ಕೊಟ್ಟಿಗೆಯ ಗೂಟಕ್ಕೆ ಇತ್ತು. ಪ್ರತಿ ಶ್ರಾವಣಕ್ಕೆ ಇಳಿಸಿ, ಬಿಸಿಲಿಗೆ ಹಾಕಿ, ಮತ್ತೆ ಅಲ್ಲೇ ತೂಗು ಹಾಕುತ್ತಿದ್ದೆ. ಓಡಿ ಹೋಗಿ ತಂದೆ. ಒಮ್ಮೆ, ಒಂದೇ ಒಂದು ಸಲ ಜೀಕುತ್ತಾಳೇನೋ ಅಂದುಕೊಂಡೆ. ಟೊಂಗೆ ಪೊಳ್ಳು ಎಂದು ಗೊತ್ತಿದ್ದೂ ಮನಸ್ಸು ಹಾಗೆ ಬಯಸಿತು. ಅಕ್ಕ ಹಗ್ಗದ ಒಂದು ತುದಿಯನ್ನು ಅದೇ ಗೀರಿನಲ್ಲಿ ಕೂಡಿಸಿ ಗಂಟು ಹಾಕಿದಳು. ಇನ್ನೊಂದು ತುದಿಯನ್ನು ಮೇಲಿನ ಗಟ್ಟಿ ಕವಲಿನ ಮೇಲಿಂದ ಹಾಯಿಸಿ ಕೆಳಗೆ ಬಿಟ್ಟಳು.

"ಬೀಳೂಮುಂದ ಉಳಿದ ಟೊಂಗಿಗೆ ಬಡದ ಗಾಯಾ ಮಾಡಬಾರದು," ಅಂದಳು. "ಮೆತ್ತಗ ಇಳಸೂಣು."

ಅವಳು, ನನ್ನ ಹೆಂಡತಿ, ಕಾಕಾ ಮೂವರೂ ಕೆಳಗೆ ಹಗ್ಗ ಹಿಡಿದರು. ನಾನು ಜಾಲಿ ಕಂಬ ಸರಿಸಿ ಗರಗಸ ಹಾಕಿದೆ. ಕೊನೆಯ ಎಳೆ ಕಡಿಯುವಾಗ ಟೊಂಗೆ ನರಳಿದ ಹಾಗೆ ಸದ್ದು ಮಾಡಿತು. ಬಿಡಿಸಿಕೊಂಡದ್ದೇ ಹಗ್ಗದಲ್ಲಿ ತೂಗಿ ಮೂಡಣಕ್ಕೆ ಹೋಯಿತು, ತಿರುಗಿ ಪಡುವಣಕ್ಕೆ ಬಂತು, ಹೊಸದಾಗಿ ತೆರೆದ ಆ ಬಾಗಿಲಿನೊಳಗಿಂದಲೇ. ಅಕ್ಕ ಹಗ್ಗ ಸಡಿಲ ಬಿಡುವುದನ್ನು ಮರೆತು ನೋಡುತ್ತ ನಿಂತಳು. ಆಮೇಲೆ ಕೈಯಿಂದ ಕೈಗೆ ಬಿಡುತ್ತ ನೆಲಕ್ಕೆ ಕೂಡಿಸಿದಳು.

ಟೊಂಗೆಯನ್ನು ಸೀಳಿ ಎಲ್ಲರೂ ಬಗ್ಗಿ ನೋಡಿದೆವು. ಟೊಂಗೆಯ ಉದ್ದಕ್ಕೂ ಬೆರಳು ಹೋಗುವಷ್ಟು ಸುರಂಗ, ರವೆ ತುಂಬಿಕೊಂಡು ಬಂದು ಕೊಯ್ದ ಜಾಗಕ್ಕೆ ಒಂದು ಗೇಣು ಇರುವಾಗ ನಿಂತಿತ್ತು. ಅಕ್ಕ ಏಣಿ ಹತ್ತಿ ಬೊಡ್ಡೆಯ ಕಡೆ ಉಳಿದ ಗಾಯ ನೋಡಿದಳು. ಬೆಳ್ಳಗೆ, ಕೊಬ್ಬರಿಯ ಹಾಗೆ.

"ಬೊಡ್ಡಿಗೆ ಮುಟ್ಟಿಲ್ಲ," ಅಂದಳು. "ಇನ್ನೊಂದ ಮಳಿಗಾಲ ನನ್ನ ದಾರಿ ಕಾಯ್ದಿದ್ರ ಮುಟ್ಟತಿತ್ತು."

ಮೈಲುತುತ್ತ, ಸುಣ್ಣ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಕೂಡಿಸಿ, ತಿಳಿನೀಲಿ ಮುಲಾಮು ಮಾಡಿ ಗಾಯಗಳಿಗೆಲ್ಲ ಬಳಿದಳು. ಹೆಂಡತಿ ಟೊಂಗೆಯನ್ನು ಮಳೆಗಾಲಕ್ಕೆ ಸೌದೆ ಆಗುತ್ತದೆ ಎಂದು ಬೇಲಿಗೆ ಆನಿಸಹೋದರೆ, "ಬ್ಯಾಡ ತಂಗಿ, ಒಳಗ ಇದ್ದ ಹುಳಾ ದುಂಬಿ ಆಗಿ ಹೊರಗ ಬರತಾವ. ಇವತ್ತ ಸುಡು" ಅಂದಳು. ಹಗ್ಗದ ಗೀರಿದ್ದ ಒಂದು ಮೊಳ ತುಂಡನ್ನು ನಾನು ಮೆಲ್ಲಗೆ ಬದಿಗೆ ಸರಿಸಿದ್ದೆ. ಅವಳ ಕಣ್ಣು ತಪ್ಪಲಿಲ್ಲ.

"ಇದೊಂದ ಇಟಗೋತೀನಿ ಅಕ್ಕಾ."

"ಹುಳಕ್ಕ ತವರಮನಿ ಮಾಡಿ ಕೊಡತಿಯೇನ? ಹಾಕು ಬೆಂಕ್ಯಾಗ."

ಹಾಕಿದೆ. ಮಾವಿನ ಕಟ್ಟಿಗೆಯ ಹೊಗೆ ಸಿಹಿ ವಾಸನೆ. ಅದೇ ಬೆಂಕಿಯ ಮೇಲೆ ಹೆಂಡತಿ ಚಹಾ ಕಾಸಿದಳು. ರೊಟ್ಟಿ, ಹಸಿಶೇಂಗಾ ಕುಟ್ಟಿದ ಹಿಂಡಿ, ಬುತ್ತಿ ಬಿಚ್ಚಿ ಗಿಡದ ಕೆಳಗೆ ಉಂಡೆವು. ಬಹಳ ವರ್ಷಗಳ ಮೇಲೆ ಅಲ್ಲಿ ಗಾಳಿ ಆಡಿತು. ಅಕ್ಕ ಬೊಡ್ಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಬಸ್ಸಿನ ಮಾತು ಯಾರೂ ಎತ್ತಲಿಲ್ಲ.

ಏಳುವ ಮೊದಲು ಗಿಡವನ್ನು ಒಂದು ಸುತ್ತು ಹಾಕಿದಳು. ಮೂಡಣ ಮಗ್ಗುಲಿಗೆ, ಎದೆಯೆತ್ತರದ ಮೇಲೆ, ಅಡ್ಡಕ್ಕೆ ಕೈ ಚಾಚಿದ ಹಾಗೆ ಒಂದು ಎಳೆಯ ಚಿಗುರು ಹೊರಟಿತ್ತು. ಹಳೆಯ ಕುಪ್ಪಸದ ಒಂದು ಹಸಿರು ಚಿಂದಿ ಚೀಲದಿಂದ ತೆಗೆದು ಅದಕ್ಕೆ ಸಡಿಲವಾಗಿ ಕಟ್ಟಿದಳು.

"ಇದಕ್ಕ ಕತ್ತರಿ ಹಚ್ಚಬ್ಯಾಡ. ಜಾಗಾ ಚಲೋ ಐತಿ. ಮುಂದ ಜೋಕಾಲಿಗೆ ಆಗತೈತಿ."

"ಅದು ದಪ್ಪ ಆಗೂದರಾಗ ನಾವು ಇರತೀವೇನ ಅಕ್ಕಾ?"

"ಇರೂಣು. ನಾ ಕುಂದರತೀನಿ, ನೀ ತೂಗು. ಈ ಸಲ ಹಗ್ಗದ ಕೆಳಗ ಗೋಣಿ ತಟ್ಟು ಸುತ್ತಬೇಕ ಮತ್ತ, ನೆನಪ ಇಟಗೋ."

ಗಿಡದಲ್ಲಿ ಸಿಕ್ಕ ನಾಲ್ಕಾರು ಕಾಯಿ ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೋದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ನಾನು ನಿಂತೇ ಇದ್ದೆ. ಕೈಗೆ ಹತ್ತಿದ್ದ ನೀಲಿ ತೊಳೆದರೆ ಹೋಗುತ್ತಿತ್ತು, ಅವತ್ತು ತೊಳೆಯಲಿಲ್ಲ.

ಶ್ರಾವಣ ಬಂತು. ಪೂಲಿನ ಮೇಲೆ ನೀರು ಬಂತು. ಪಂಚಮಿಯ ದಿನ ನಾನು ಹೊಳೆಗೆ ಹೋಗಲಿಲ್ಲ, ಗಿಡದ ಹತ್ತಿರ ಹೋದೆ. ನೀಲಿ ಗಾಯದ ಸುತ್ತ ತೊಗಟೆ ತುಟಿಯ ಹಾಗೆ ಉಬ್ಬಿ ಒಳಕ್ಕೆ ಬರುತ್ತಿತ್ತು. ಮಳೆ ನಿಂತು ಸ್ವಲ್ಪ ಹೊತ್ತಿಗೇ ಎಲೆಗಳು ಗಾಳಿಗೆ ಒಣಗಿದ್ದವು. ಟೊಂಗೆ ಇದ್ದ ಜಾಗದಲ್ಲಿ ಈಗ ಆಕಾಶ ಇತ್ತು, ಅದರಾಚೆ ಮಬ್ಬಿನಲ್ಲಿ ಅವಳ ಊರಿನ ಟಾಕಿ. ಇಷ್ಟು ವರ್ಷ ಈ ಜಾಗದಿಂದ ಜೋಕಾಲಿ ಜೀಕಿದವರಿಗಷ್ಟೇ ಕಾಣುತ್ತಿದ್ದದ್ದು ನೆಲದ ಮೇಲೆ ನಿಂತ ನನಗೂ ಕಂಡಿತು. ಏನು ಹೇಳಿ ಕರೆಯಬೇಕೆಂದು ತಿಳಿಯದೆ ಫೋನ್ ಕೈಯಲ್ಲಿ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಫೋನೇ ಸದ್ದು ಮಾಡಿತು.

"ಉಂಡಿ ತಿಂದ್ರೇನ?" ಅಕ್ಕ ಕೇಳಿದಳು. ಹಿಂದೆ ಅವಳ ಅತ್ತೆ ಏನೋ ಕೇಳುವುದು, ಅವಳು ಒಂದು ಕೈಯಿಂದ ಏನೋ ಕೊಡುವುದು ಕೇಳಿಸಿತು. "ಎಲ್ಲಿ ಅದಿ?"

"ಗಿಡದ ಕೆಳಗ."

"ನನ್ನ ಟೊಂಗಿ ಹೆಂಗೈತಿ?"

ಹಸಿರು ಚಿಂದಿಯ ಹತ್ತಿರ ಹೋದೆ. ಹೊಸ ಎಲೆಗಳು ಇನ್ನೂ ತಾಮ್ರದ ಬಣ್ಣ. ಒಂದನ್ನು ಮಗುಚಿ ಅಡಿಗೆ ಹುಳ ಇದೆಯೇ ನೋಡಿದೆ, ಇರಲಿಲ್ಲ. ಒಂದು ಕೆಂಪು ಇರುವೆ ಚಿಂದಿಯ ತುದಿ ಹಿಡಿದುಕೊಂಡು ಗಾಳಿಗೆ ಆ ಕಡೆ ಈ ಕಡೆ ತೂಗುತ್ತಿತ್ತು.

"ಕಿರಿಬೊಟ್ಟಿನಷ್ಟ ದಪ್ಪ ಆಗೇತಿ. ಒಂದ ಇರಿವಿ ಜೋಕಾಲಿ ಆಡಾಕತ್ತೈತಿ ನೋಡು. ಓಡಸಲೇನ?"

"ಬ್ಯಾಡೋ, ಆಡ್ಲಿ ಬಿಡು," ಅಂದಳು ಅಕ್ಕ. "ಅದೂ ಯಾರದೋ ಮನಿ ಮಗಳ ಇರಬೇಕು."